ಜಾಕಿ ಲ್ಯಾಂಬಿ ಹೆಸರು ಪಟ್ಟಿಯಲ್ಲಿ ಯಾಕಿಲ್ಲ?

ಆಸ್ಟ್ರೇಲಿಯಾದ ಸೆನೆಟರ್ ಜಾಕಿ ಲ್ಯಾಂಬಿ 2019ರ ಫೆಬ್ರವರಿಯಲ್ಲಿ 'ಮೆಡೆವ್ಯಾಕ್' ಕಾಯ್ದೆಗೆ ಯಾವ ಕಡೆ ಮತ ಹಾಕಿದರು, ಪಟ್ಟಿಯಲ್ಲಿ ಹೆಸರೇ ಸಿಗ್ತಿಲ್ಲ ಅಂತ ಕೇಳಿದ್ದೀರಿ. ಸಿಗೋದಿಲ್ಲ ಬಿಡಿ, ಆಗ ಅವರು ಸೆನೆಟ್‌ನಲ್ಲೇ ಇರಲಿಲ್ಲ. ಅಪ್ಪ ಸ್ಕಾಟ್ಲೆಂಡಿನವರು. ಹಾಗಾಗಿ ತಮಗೂ ಬ್ರಿಟಿಷ್ ಪೌರತ್ವ ಇದೆ, ಎರಡು ದೇಶದ ಪೌರತ್ವ ಇದ್ದವರು ಅಲ್ಲಿ ಸಂಸತ್ತಿನಲ್ಲಿ ಇರೋ ಹಾಗಿಲ್ಲ ಅಂತ ಗೊತ್ತಾಗಿ 2017ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರು. ಮತ್ತೆ ಗೆದ್ದು ಬಂದದ್ದು 2019ರ ಜುಲೈಗೆ.

ನೀವು ನೋಡಬೇಕಾದ್ದು ಅದೇ ವರ್ಷ ಡಿಸೆಂಬರ್ 4ರ ಮತದಾನ. ಆಶ್ರಯ ಕೇಳಿ ದೋಣಿಯಲ್ಲಿ ಬಂದು, ಆಸ್ಟ್ರೇಲಿಯಾ ಹೊರಗೆ ಕಳಿಸಿದ್ದರಿಂದ ನೌರು, ಪಪುವಾ ನ್ಯೂಗಿನಿಯಲ್ಲಿ ಸಿಕ್ಕಿಬಿದ್ದಿದ್ದ ಕಾಯಿಲೆಯವರನ್ನು ಇಬ್ಬರು ವೈದ್ಯರು ಹೇಳಿದರೆ ಆಸ್ಟ್ರೇಲಿಯಾಕ್ಕೆ ಕರೆತರಲು ದಾರಿ ಮಾಡಿದ್ದೇ ಮೆಡೆವ್ಯಾಕ್. ಅವತ್ತು ಅದನ್ನು 37-35ರಲ್ಲಿ ರದ್ದು ಮಾಡಿದರು. ಲ್ಯಾಂಬಿ ರದ್ದತಿಯ ಪರ. ಅವರೊಬ್ಬರು ವಿರುದ್ಧದ ಕಡೆ ಕೂತಿದ್ದರೆ 36-36 ಆಗ್ತಿತ್ತು. ಸಮ ಆದರೆ ಅಲ್ಲಿ ಮಸೂದೆ ಬಿದ್ದ ಹಾಗೆ.

ಈ ಮತ ಕೊಡೋದಕ್ಕೆ ಸರ್ಕಾರಕ್ಕೆ ಒಂದು ಷರತ್ತು ಹಾಕಿದ್ದೇನೆ, ದೇಶದ ಭದ್ರತೆಯ ವಿಷಯ, ಹೇಳೋ ಹಾಗಿಲ್ಲ ಅಂತ ಲ್ಯಾಂಬಿ ಕಣ್ಣೀರು ತುಂಬಿಕೊಂಡೇ ಹೇಳಿದ್ದರು. ಸರ್ಕಾರ ಅಂಥದ್ದೇನೂ ಇಲ್ಲ ಅಂದಿತು. 2022ರ ಮಾರ್ಚ್‌ನಲ್ಲಿ, ಈ ನಿರಾಶ್ರಿತರಲ್ಲಿ ವರ್ಷಕ್ಕೆ 150 ಜನರನ್ನು ಕರೆದುಕೊಳ್ತೇವೆ ಅಂತ ನ್ಯೂಜಿಲೆಂಡ್ 2013ರಲ್ಲೇ ಹೇಳಿದ್ದ ಮಾತನ್ನು ಸರ್ಕಾರ ಒಪ್ಪಿತು. ನನ್ನ ಷರತ್ತು ಇದೇ ಅಂದರು ಲ್ಯಾಂಬಿ. ಎರಡು ವರ್ಷಕ್ಕೂ ಜಾಸ್ತಿ ಕಾಯಿಸಿದ್ದು ನನಗಂತೂ ಸರಿ ಕಾಣಲಿಲ್ಲ.

ಅಂದ ಹಾಗೆ, ನಮ್ಮ ವಿಧಾನಸಭೆಯ ಹಾಗೆ ಅಲ್ಲೂ ಧ್ವನಿಮತದಲ್ಲಿ ಮುಗಿದದ್ದಕ್ಕೆ ಹೆಸರಿನ ಪಟ್ಟಿ ಇರೋದಿಲ್ಲ. ಗಂಟೆ ಬಾರಿಸಿ, ಬಾಗಿಲು ಹಾಕಿ ಎಣಿಸಿದ 'ಡಿವಿಷನ್' ಮಾತ್ರ ಹುಡುಕಿ.