ಗೋಡೆಯೊಳಗಿನ ವೈರಿಗೆ ಆಣಿ, ಡ್ರಿಲ್ ತಾಗದಂತೆ ಏನು ಮಾಡಬಹುದು?

ಸುರತ್ಕಲ್ಲಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ವೈರಿನ ಪೈಪ್ ಹಾಕಿ ಆಗಿದೆ, ಸಾರಣೆ ಇನ್ನೂ ಆಗಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಇವತ್ತೇ ಹೋಗಿ ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಸುಮ್ನೆ ಕ್ಲಿಕ್ ಮಾಡಿದರೆ ಸಾಲದು, ಅಳತೆ ಟೇಪು ಹಿಡಿದು ತೆಗೆಯಬೇಕು. ನೆಲದಿಂದ ಅಳೆಯಬೇಡಿ, ಟೈಲ್ಸ್ ಹಾಕಿದರೆ ನೆಲ ಮೇಲೆ ಬರುತ್ತದೆ. ಬಾಗಿಲು, ಕಿಟಕಿಯ ದಾರಂದದಿಂದ ಅಳೆಯಿರಿ. ಅದು ಎಲ್ಲಿಗೂ ಹೋಗುವುದಿಲ್ಲ.

ನಾವು ಫೋಟೊ ತೆಗೆದಿರಲಿಲ್ಲ. ಉಡುಪಿಯ ನಮ್ಮ ಮನೆ ಕೆಂಪುಕಲ್ಲಿನದ್ದು. ಒಂದು ಮಾರ್ಚಿನಲ್ಲಿ ಅಜ್ಜನ ಫೋಟೊ ಹಾಕಲು ಹಾಲ್‌ನ ಸ್ವಿಚ್ ಬೋರ್ಡಿನ ನೇರ ಮೇಲೆ ನಾನೇ ಆಣಿ ಹೊಡೆದೆ. ಸಲೀಸಾಗಿ ಹೋಯಿತು. ಪೈಪ್ ತೂತಾದದ್ದು ಕೈಗೆ ಗೊತ್ತೇ ಆಗಲಿಲ್ಲ. ಲೈಟು, ಫ್ಯಾನು ಎಲ್ಲ ಸರಿ ಇತ್ತು. ಜೂನಿನಲ್ಲಿ ಮಳೆ ಹಿಡಿದು ಗೋಡೆ ಪಸೆಯಾಯಿತು ನೋಡಿ, ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಬೀಳಲು ಶುರು. ಜೋರು ಮಳೆ ಬಂದರೆ ಬೀಳುವುದು, ಎರಡು ದಿನ ಬಿಸಿಲು ಬಂದರೆ ಸುಮ್ಮನಾಗುವುದು. ಪಂಪು, ಗೀಸರ್, ಫ್ರಿಜ್ಜು ಎಲ್ಲದರ ಮೇಲೂ ಅನುಮಾನಪಟ್ಟೆವು. ಕೊನೆಗೆ ಎಲೆಕ್ಟ್ರಿಷಿಯನ್ ಒಂದೊಂದು ಲೈನಿಗೂ ಇರುವ ಎಂಸಿಬಿ ಸ್ವಿಚ್ಚನ್ನು ಒಂದೊಂದಾಗಿ ಇಳಿಸಿ, ತೊಂದರೆ ಹಾಲ್‌ನ ಲೈನಿನಲ್ಲಿ ಎಂದು ಹಿಡಿದರು. ಆಮೇಲೆ ಅವರ ಕಣ್ಣು ಅಜ್ಜನ ಫೋಟೊ ಮೇಲೆ ಬಿತ್ತು. ಆಣಿ ಕಿತ್ತು ವೈರ್ ಎಳೆದರೆ, ಒಂದು ಕಡೆ ಸಿಪ್ಪೆ ಸೀಳಿತ್ತು. ಪಸೆ ಗೋಡೆಗೆ ಅಲ್ಲಿಂದಲೇ ಕರೆಂಟ್ ಇಳಿಯುತ್ತಿತ್ತು. ಮನೆಯವರೆಲ್ಲ ನನ್ನ ಮುಖ ನೋಡಿದರು.

ಪಿವಿಸಿ ಪೈಪ್ ಆಣಿಗೆ ತಡೆಯೇ ಅಲ್ಲ. ವೈರಿಗೆ ದಾರಿ, ಅಷ್ಟೇ. ಆದರೆ ಆ ದಾರಿ ಇದ್ದದ್ದರಿಂದ ಗೋಡೆ ಒಡೆಯದೆ ಹೊಸ ವೈರ್ ಎಳೆಯಲು ಆಯಿತು. ಪೈಪಿನೊಳಗೆ ಮಾತ್ರ ಜಾಯಿಂಟ್ ಮಾಡಲು ಬಿಡಬೇಡಿ. ಜಾಯಿಂಟ್ ಏನಿದ್ದರೂ ಬಾಕ್ಸಿನಲ್ಲಿ.

ಇನ್ನೊಂದು, ಪೈಪ್ ಎಲ್ಲಾದರೂ ಓರೆಯಾಗಿ ಹೋಗಿದೆಯಾ ನೋಡಿ. ನಾಲ್ಕಡಿ ಪೈಪ್ ಉಳಿಸಲು ಕೆಲವರು ಹಾಗೆ ಮಾಡುತ್ತಾರೆ. ಸಾರಣೆಗೆ ಮೊದಲೇ ಬದಲಿಸಲು ಹೇಳಿ, ಮುಲಾಜು ಬೇಡ. ಪೈಪ್ ಬೋರ್ಡಿನಿಂದ ನೇರ ಮೇಲೆ, ಕೆಳಗೆ ಅಥವಾ ಅಡ್ಡ ಮಾತ್ರ ಹೋಗಿದ್ದರೆ, ಆ ಗೆರೆಯಲ್ಲಿ ಆಣಿ ಹೊಡೆಯಬಾರದು ಎಂದು ಮಕ್ಕಳಿಗೂ ಹೇಳಿಕೊಡಬಹುದು. ಅಡುಗೆಮನೆಯಲ್ಲಿ ಕಪಾಟು ಬರುವ ಕಡೆ ಪೈಪ್ ತಪ್ಪಿಸಲು ಆಗದಿದ್ದರೆ, ಅಷ್ಟು ಭಾಗಕ್ಕೆ ಕಬ್ಬಿಣದ ಪೈಪ್ ಹಾಕಿಸಿ, ಅದಕ್ಕೆ ಅರ್ತ್ ಕೊಡಿಸಿ.

30 ಮಿಲಿಆಂಪಿನ ಆರ್‌ಸಿಸಿಬಿ ಬೇಕೇ ಬೇಕು. ಎಂಸಿಬಿ ಇದೆಯಲ್ಲ ಎನ್ನಬೇಡಿ. ಅದು ಓವರ್‌ಲೋಡಿಗೆ, ಶಾರ್ಟ್ ಆದರೆ ಬೀಳುತ್ತದೆ, ಇಂಥ ಸಣ್ಣ ಸೋರಿಕೆ ಅದಕ್ಕೆ ಗೊತ್ತಾಗುವುದಿಲ್ಲ. ಪದೇ ಪದೇ ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಕೊಡುವವರೂ ಇದ್ದಾರೆ. ಒಪ್ಪಬೇಡಿ.

ಗೋಡೆಗೆ ಹಿಡಿದರೆ ಕೀಂ ಎನ್ನುವ ಟೆಸ್ಟರ್ ಪೆನ್ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಕರೆಂಟ್ ಇರುವ ವೈರ್ ಮಾತ್ರ ಗೊತ್ತಾಗುವುದು. ಸ್ವಿಚ್ ಆಫ್ ಇದ್ದರೆ ಬಲ್ಬಿಗೆ ಹೋಗುವ ವೈರ್ ಅದರ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಎಲ್ಲ ಸ್ವಿಚ್ ಹಾಕಿ ಹುಡುಕಿ, ಆಮೇಲೆ ಮೇನ್ ಇಳಿಸಿ, ಬ್ಯಾಟರಿ ಡ್ರಿಲ್ಲಿನಲ್ಲಿ ತೂತು ಹೊಡೆಯಿರಿ.