ಪ್ರತಿಕ್ರಿಯೆ: ಚಿತ್ತಾರದ ‘ಜಿ’ ಪ್ರಿಂಟ್‌ನಲ್ಲಿ ಚೌಕ ಆಗೋದು ಯಾಕೆ?

ನಮಸ್ಕಾರ ಮೇಡಂ. ಲೀ ಆಲ್ಜೀಬ್ರಾ (ಗಣಿತದ ಒಂದು ವಿಷಯ) ನೋಟ್ಸ್‌ನಲ್ಲಿರುವ ಹಳೇ ಜರ್ಮನ್ ಶೈಲಿಯ ಇಂಗ್ಲಿಷ್ ಅಕ್ಷರ ‘ಜಿ’ ಮನೆಯ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ತುಮಕೂರಿನ ಜೆರಾಕ್ಸ್ ಅಂಗಡಿಯಲ್ಲಿ ಮಾತ್ರ ಖಾಲಿ ಚೌಕ ಬರುತ್ತದೆ ಅಂದಿರಿ. ಗಾಬರಿ ಬೇಡ, ಫೈಲ್ ಕೆಟ್ಟಿರುವುದಿಲ್ಲ. ಆ ಅಕ್ಷರ ಇರುವ ಫಾಂಟ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ವರ್ಡ್ ಫೈಲ್ ಬದಲು ಪಿಡಿಎಫ್ ಮಾಡಿಕೊಂಡು ಹೋಗಿ. ಸಾಮಾನ್ಯವಾಗಿ ಫಾಂಟ್ ಅದರೊಳಗೇ ಸೇರಿರುತ್ತದೆ.

ಸುಮ್ನೆ ಸಾದಾ ‘ಜಿ’ ಹಾಕಿದರೆ ಸಾಲದಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಈ ಪಾಠದಲ್ಲಿ ದೊಡ್ಡ ‘ಜಿ’ ಅಂದರೆ ಲೀ ಗ್ರೂಪ್ ಎಂಬ ಗಣಿತದ ರಚನೆ. ಸಾದಾ ಚಿಕ್ಕ ‘ಜಿ’ ಆ ಗ್ರೂಪಿನ ಒಂದು ಸದಸ್ಯ. ಚಿತ್ತಾರದ ‘ಜಿ’, ಅಂದರೆ ಫ್ರಾಕ್ಟುರ್ (ಆ ಹಳೇ ಜರ್ಮನ್ ಶೈಲಿ), ಆ ಗ್ರೂಪಿನ ಲೀ ಆಲ್ಜೀಬ್ರಾ. ಮೂರೂ ಒಂದೇ ಸಾಲಿನಲ್ಲಿ ಬಂದಾಗ ಓದುವ ಹುಡುಗರ ಗತಿ ಏನು, ಹೇಳಿ! ಇಂಥ ಗೊಂದಲ ಬೇಡವೆಂದೇ, ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್ 2001ರಲ್ಲಿ ಗಣಿತದ ಈ ಅಕ್ಷರಗಳಿಗೆ ಬೇರೆ ಸಂಕೇತಗಳನ್ನೇ ಕೊಟ್ಟಿತು. ಫ್ರಾಕ್ಟುರ್ ದೊಡ್ಡಕ್ಷರಗಳಲ್ಲಿ ಸಿ, ಎಚ್, ಐ, ಆರ್, ಝಡ್ ಮಾತ್ರ ಮೊದಲೇ ಬೇರೆ ಜಾಗದಲ್ಲಿದ್ದವು. ಹಾಗಾಗಿ ಅವು ಸರಿಯಾಗಿ ಬಂದು, ಉಳಿದವು ಚೌಕವಾಗುವುದೂ ಉಂಟು.

ವಾಟ್ಸಾಪ್ ಹೆಸರಿಗೆ ಮಾತ್ರ ಈ ಚಿತ್ತಾರದ ಅಕ್ಷರಗಳನ್ನು ಬಳಸಬೇಡಿ. ಕಣ್ಣು ಕಾಣದವರಿಗೆ ಓದಿ ಹೇಳುವ ಆ್ಯಪ್‌ಗಳು ಅಂಥ ಹೆಸರನ್ನು ಎಷ್ಟೋ ಸಲ ಸರಿಯಾಗಿ ಓದುವುದಿಲ್ಲ.