ಬೆಳೆಯುವವರಿಗೂ ಕೊಳ್ಳುವವರಿಗೂ ನಡುವೆ

ಪ್ರಶ್ನೆ: ನಾವು ಕಾಫಿ, ಮೆಣಸು ಬೆಳೆಯುವವರು. ವ್ಯಾಪಾರಿ ಏನನ್ನೂ ಬೆಳೆಯದೆ ನಡುವೆ ನಿಂತು ಲಾಭ ಮಾಡಿಕೊಳ್ಳುತ್ತಾನೆ ಎಂಬ ಮಾತು ನಮ್ಮಲ್ಲಿ ಸದಾ ಕೇಳಿಬರುತ್ತದೆ. ಹಿಂದಿನ ಕಾಲದಲ್ಲಿ ಹಾಸನ ಸೀಮೆಯ ವರ್ತಕರ ಪಾತ್ರವೇನಿತ್ತು? ಇಂದು ಅವರು ಬೇಕೇ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಹೊಯ್ಸಳರ ಕಾಲದ ಅರಸೀಕೆರೆಯ ಶಾಸನವೊಂದು, ಚಟ್ಟಿಸೆಟ್ಟಿ ಎಂಬ ವರ್ತಕನು ಕುದುರೆ, ಆನೆ, ಮುತ್ತುಗಳನ್ನು ಹಡಗಿನಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಹೇಳುತ್ತದೆ. ಕಡಲೇ ಕಾಣದ ಬಯಲುಸೀಮೆಯ ಊರಿನ ಮಾತಿದು. ನಮ್ಮ ನಾಡಿನಲ್ಲಿ ಒಳ್ಳೆಯ ಯುದ್ಧದ ಕುದುರೆಗಳು ಸಾಕಷ್ಟು ದೊರೆಯದ ಕಾರಣ, ಅರಬ್ ನಾಡಿನಿಂದ ಕರಾವಳಿಗೆ ಬಂದಿಳಿದವನ್ನು ಘಟ್ಟ ಹತ್ತಿಸಿ ತರಬೇಕಿತ್ತು. ಅದು ಒಂಟಿ ಮನುಷ್ಯನಿಂದ ಆಗುವ ಕೆಲಸವಲ್ಲ. ಆದ್ದರಿಂದಲೇ ಐಹೊಳೆಯನ್ನು ತಮ್ಮ ಮೂಲವೆಂದು ಹೇಳಿಕೊಳ್ಳುತ್ತಿದ್ದ ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು ಮುಂತಾದ ವರ್ತಕ ಸಂಘಗಳು ಬೆಳೆದವು. ದಾರಿಯ ಕಾವಲಿಗೆ ಆಯುಧ ಹಿಡಿದವರನ್ನೂ ಅವು ಇಟ್ಟುಕೊಂಡಿದ್ದವು. ಊರಿನ ವರ್ತಕರ ಮುಖ್ಯಸ್ಥನಾದ ಪಟ್ಟಣಸ್ವಾಮಿಗೆ ಸಂತೆಯ ವ್ಯವಹಾರದಲ್ಲಿ ದೊಡ್ಡ ಸ್ಥಾನವಿತ್ತು. ಅಡಕೆ, ಮೆಣಸಿನ ಹೇರಿಗೆ ಇಷ್ಟೆಂದು ವರ್ತಕರು ದೇವಸ್ಥಾನಗಳಿಗೆ ಬಿಟ್ಟುಕೊಟ್ಟದ್ದೂ ಉಂಟು. ಆದರೆ ಇಂಥ ಶಾಸನಗಳು ದಾನಿಗಳನ್ನು ಹೊಗಳಲೆಂದೇ ಹುಟ್ಟಿದವು. ಆ ಮೆಣಸನ್ನು ಬೆಳೆದವನ ಕೈಗೆ ಎಷ್ಟು ಬಂದಿತೆಂಬುದನ್ನು ಅವುಗಳಲ್ಲಿ ಹುಡುಕಿದರೆ ನಿರಾಸೆಯೇ ಆಗುತ್ತದೆ.

ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ತಮ್ಮ ಹಿರಿಯರ ನೆನಪಿನಲ್ಲೇ ಇದ್ದೀತು. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ (ಎಲ್ಲರ ಕಾಫಿಯನ್ನು ಒಟ್ಟುಗೂಡಿಸುವ ಸಾಮೂಹಿಕ ದಾಸ್ತಾನಿಗೆ) ಒಪ್ಪಿಸಬೇಕಿತ್ತು; ಮಂಡಳಿ ಅದನ್ನು ಹರಾಜು ಹಾಕಿ, ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ವ್ಯಾಪಾರಿ ತೋಟದ ಬಾಗಿಲಿನಿಂದ ದೂರವಾದ, ಆದರೆ ಪೂರ್ತಿ ಹಣಕ್ಕಾಗಿ ಬಹುಕಾಲ ಕಾಯುವ ಕಷ್ಟ ಬೆಳೆಗಾರನ ಪಾಲಿಗೆ ಬಂತು. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾದಾಗ ವ್ಯಾಪಾರಿ ಮರಳಿ ಬಂದ. ಕೂಡಲೇ ಹಣ ಕೊಡುವುದು, ಸಣ್ಣ ತೋಟಗಳ ನಾಲ್ಕಾರು ಮೂಟೆಗಳನ್ನು ಒಟ್ಟುಮಾಡಿ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸುವುದು, ನಾಳೆ ಧಾರಣೆ ಬಿದ್ದರೆ ಅದರ ಹೊರೆ ಹೊರುವುದು, ಇವೆಲ್ಲ ನಿಜವಾದ ಕೆಲಸಗಳೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಅನ್ಯಾಯ ನಡೆಯುವುದು ಬೇರೆ ಕಡೆ: ಮಳೆಗಾಲದಲ್ಲಿ ಮುಂಗಡ ಕೊಟ್ಟು ಫಸಲನ್ನು ಕಡಿಮೆ ದರಕ್ಕೆ ಕಟ್ಟಿಹಾಕುವಲ್ಲಿ, ಹಣ್ಣಿನ ಸಮೇತ ಒಣಗಿಸಿದ ಚೆರಿ ಕಾಫಿಯ ಔಟ್‌ಟರ್ನ್ (ಅದರಿಂದ ದೊರೆಯುವ ಬೀಜದ ಪ್ರಮಾಣ) ಮತ್ತು ತೇವಾಂಶವನ್ನು ಬೆಳೆಗಾರನಿಗೆ ತೋರಿಸದೆ ಲೆಕ್ಕ ಹಾಕುವಲ್ಲಿ. ತಾವು ಸಾಧ್ಯವಾದಷ್ಟು ಮುಂಗಡ ಪಡೆಯದೆ, ಮಾದರಿಯನ್ನು ತಮ್ಮೆದುರಿನಲ್ಲೇ ಅಳೆಸಿ, ಕನಿಷ್ಠ ಇಬ್ಬರು ವ್ಯಾಪಾರಿಗಳಲ್ಲಿ ದರ ವಿಚಾರಿಸಿದ ನಂತರವೇ ಮಾರಾಟ ಮಾಡಿರಿ.